ಹೆಂಚಿನ ಕಾರ್ಖಾನೆಯಲ್ಲಿ ಮುಯ್ಯಾಳು

ಮೈಸೂರು ಕಡೆಯಿಂದ ಬಂದ ಮೇಷ್ಟ್ರು ಕಂಡುಹಿಡಿದದ್ದು ಸರಿಯಾಗಿಯೇ ಇತ್ತು. ಆ ಸರಿಯನ್ನು ಓದಿಕೊಂಡು ಮ್ಯಾನೇಜರು ತಪ್ಪು ಮಾಡಿದರು. ಪೆಟ್ಟು ಮಾತ್ರ ಅವರಿಬ್ಬರಿಗೂ ಬೀಳಲಿಲ್ಲ, ಚೌಡಮ್ಮನಿಗೆ ಬಿತ್ತು. ನಡೆದದ್ದು ಇಷ್ಟೇ. ಬೇರೆಯವರು ಬೇರೆ ಥರ ಹೇಳುತ್ತಾರೆ. ಹೇಳಿಕೊಳ್ಳಲಿ.

ನಾನು ಸಾಗರದ ಹೊರಗಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಹೆಂಗಸರ ಮೇಸ್ತ್ರಿಯಾಗಿದ್ದೆ. ಕಂಪನಿಗೆ ಹೊಸನಗರದಲ್ಲಿ ಒಂದು, ತೀರ್ಥಹಳ್ಳಿಯಲ್ಲಿ ಒಂದು ಡಿಪೋ ಇತ್ತು. ಮೂರೂ ಕಡೆಯ ಹೆಂಗಸರನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೊನೆಕೊನೆಗೆ ನನ್ನನ್ನು ಸೂಪರ್‌ವೈಸರ್ ಅಂತ ಮಾಡಿದರು. ಅದರಿಂದ ಆದ ವ್ಯತ್ಯಾಸ ಏನೆಂದರೆ ಲೋಟದಲ್ಲಿ ಬರುತ್ತಿದ್ದ ಚಹಾ ಕಪ್ಪಿನಲ್ಲಿ ಬರತೊಡಗಿತು, ಅದೂ ಕಡಿಮೆ ಬರತೊಡಗಿತು. ಆ ಸುದ್ದಿ ಸಾಕು.

ನಮ್ಮ ಪಕ್ಕದ ಮನೆಯ ಹುಡುಗಿ ಸ್ಮಿತಾಗೆ ಶಿವಮೊಗ್ಗದ ಗಾರ್ಮೆಂಟ್ಸಿನಲ್ಲಿ ಎಚ್.ಆರ್. ಅಂತ ಕೆಲಸ ಸಿಕ್ಕಿದೆ. ಕೆಲಸದವರ ಮನಸ್ಸು ಅರಿತು ಕೆಲಸ ತೆಗೆಯುವುದಂತೆ. ಅದಕ್ಕೆ ಮನಶ್ಶಾಸ್ತ್ರ, ಸಮಾಜಶಾಸ್ತ್ರ ಎಲ್ಲ ಕಲಿಸಿ ಕಳಿಸಿದ್ದಾರಂತೆ. "ನಿಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ ಅಲ್ವಾ ಅಜ್ಜಿ?" ಅಂತ ಕೇಳಿದಳು. ಇತ್ತು ಮಗಾ. ಇದ್ದು ಏನಾಯಿತು ಅಂತ ನಿನಗೂ ನಿನ್ನಂಥ ಹೊಸಬರಿಗೂ ಬರೆದಿಡುತ್ತಿದ್ದೇನೆ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿಗೆ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ, ಸಂಬಳ ತಗೊಳ್ಳುವವರು ನೀವು.

ಮೊದಲು ಕೆಲಸ ಏನು ಅಂತ ಹೇಳುತ್ತೇನೆ. ಮಣ್ಣು ತುಳಿದು ಹದ ಮಾಡಿ ಅಚ್ಚಿನಲ್ಲಿ ಒತ್ತುವುದು ಗಂಡಸರು. ಅಚ್ಚಿನಿಂದ ಬಿದ್ದ ಹಸಿ ಹೆಂಚು ಆಗತಾನೆ ಹುಟ್ಟಿದ ಕೂಸಿನ ಹಾಗೆ, ಹಿಡಿದ ಕಡೆ ತಗ್ಗಾಗುತ್ತದೆ. ಅದರ ಅಂಚು ಸವರಿ, ಹಲಗೆಯ ಮೇಲೆ ಜೋಡಿಸಿ, ತಲೆಯ ಮೇಲೆ ಹೊತ್ತು, ಇಳಿಜಾರು ಹತ್ತಿ ಭಟ್ಟಿಯ ಮೇಲಿನ ಅಟ್ಟದಲ್ಲಿ ಒಣಗಲು ಇಡುವುದು ಹೆಂಗಸರು. ಆರೇಳು ಹೆಂಗಸರಿಗೆ ಒಂದು ಗ್ಯಾಂಗು. ಒಬ್ಬಳು ಜಾರಿದರೆ ಹಲಗೆ ಪೂರಾ ಮತ್ತೆ ಮಣ್ಣು. ಅಣೆಕಟ್ಟು ತುಂಬಿ ಎರಡು ಮೂರು ಮಳೆಗಾಲ ಕಳೆದಿತ್ತು, ಅರವತ್ತೇಳೋ ಅರವತ್ತೆಂಟೋ ಇರಬೇಕು. ಮುಳುಗಡೆಯಿಂದ ಎದ್ದು ಬಂದವರೆಲ್ಲ ಹೊಸ ಮನೆ ಕಟ್ಟುತ್ತಿದ್ದರು. ಹೆಂಚಿಗೆ ಎಲ್ಲಿಲ್ಲದ ಗಿರಾಕಿ. ಸಾಹುಕಾರರಿಗೆ ಇನ್ನೂ ಬೇಕು, ಇನ್ನೂ ಬೇಗ ಬೇಕು.

ಮ್ಯಾನೇಜರಿಗೆ ನಾವು ರಾಯರು ಅನ್ನುತ್ತಿದ್ದೆವು. ಕೆಟ್ಟ ಮನುಷ್ಯ ಅಲ್ಲ. ಓದುವ ಚಟ ಇತ್ತು, ಅಷ್ಟೇ ತೊಂದರೆ. ಭಾನುವಾರ ಇಂಗ್ಲಿಷ್ ಪುಸ್ತಕ ಓದಿದರೆ ಸೋಮವಾರ ಅದನ್ನು ನಮ್ಮ ಮೇಲೆ ಬಿಡುತ್ತಿದ್ದರು.

ಒಂದು ಸೋಮವಾರ ಕೈಯಲ್ಲಿ ಒತ್ತಿದರೆ ನಿಲ್ಲುವ ಗಡಿಯಾರ ಹಿಡಿದು ಇಳಿಜಾರಿನ ಬುಡದಲ್ಲಿ ನಿಂತರು. ಒಂದು ಹಲಗೆ ಅಟ್ಟ ಸೇರಲು ಎಷ್ಟು ಹೊತ್ತು ಬೇಕು ಅಂತ ನೋಡಬೇಕಂತೆ. ಯಜಮಾನ ಎದುರು ನಿಂತಾಗ ಅವನಿಗೆ ಬೆನ್ನು ಹಾಕಿ ನಡೆಯುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೆಂಗಸರು ಹಲಗೆ ಹೊತ್ತುಕೊಂಡು ಏಡಿಯ ಹಾಗೆ ಅಡ್ಡಡ್ಡ ಹತ್ತತೊಡಗಿದರು. ಕೆಲವರು ಹತ್ತಲೇ ಇಲ್ಲ, ರಾಯರು ಹೋಗಲಿ ಅಂತ ಹಲಗೆ ಹೊತ್ತೇ ನಿಂತಿದ್ದರು. ರಾಯರು ಹೋಗಲಿಲ್ಲ, ಹೆಂಗಸರು ಹತ್ತಲಿ ಅಂತ ಕಾಯುತ್ತಿದ್ದರು. ಅರ್ಧ ದಿನ ಹೀಗೆ ಒಬ್ಬರ ಮರ್ಯಾದೆಗೆ ಒಬ್ಬರು ಕಾದರು. ಹೆಂಗಸರು ಸೋಮಾರಿಗಳು ಅಂತ ಅವರು ಸಾಹುಕಾರರಿಗೆ ಹೇಳಿದರು. ಗಡಿಯಾರ ಸುಳ್ಳು ಹೇಳುತ್ತದಾ!

ಇನ್ನೊಂದು ಸಲ ಆಫೀಸಿನ ಬಾಗಿಲ ಪಕ್ಕ ಒಂದು ಪೆಟ್ಟಿಗೆ ತೂಗುಹಾಕಿ ಬೀಗ ಹಾಕಿದರು. ಕೆಲಸ ಸುಧಾರಿಸಲು ಯಾರಿಗೆ ಏನು ತೋಚುತ್ತದೋ ಬರೆದು ಹಾಕಬೇಕಂತೆ. ನಮ್ಮ ಹೆಂಗಸರಲ್ಲಿ ಬರೆಯಲು ಬರುತ್ತಿದ್ದದ್ದು ಎಷ್ಟು ಜನಕ್ಕೆ? ತಿಂಗಳಾದ ಮೇಲೆ ಬೀಗ ತೆಗೆದರು. ಯಾರೋ ಕಳೆದುಕೊಂಡ ಸುಣ್ಣದ ಡಬ್ಬಿ ಸಿಕ್ಕಿತು, ವೀಳ್ಯದೆಲೆಯ ತೊಟ್ಟುಗಳು ಸಿಕ್ಕಿದವು, ಜೊತೆಗೆ ಒಂದೇ ಒಂದು ಚೀಟಿ. ಅದು ಆಫೀಸಿನ ಗುಮಾಸ್ತರದ್ದು. ಈ ಪೆಟ್ಟಿಗೆ ತಮ್ಮ ಹಣೆಗೆ ಬಡಿಯುತ್ತಿದೆ, ದಯವಿಟ್ಟು ಆಚೆ ಕಟ್ಟಿ ಅಂತ ಬರೆದಿದ್ದರು. ಆ ಸಲಹೆ ಒಪ್ಪಿಗೆಯಾಯಿತು. ರಾಯರ ಕಾಲದಲ್ಲಿ ಕಾರ್ಖಾನೆಗೆ ಆದ ದೊಡ್ಡ ಸುಧಾರಣೆ ಅದೇ ಇರಬೇಕು.

ಆಮೇಲೆ ಬಂದವರು ಮೂರ್ತಿ ಮೇಷ್ಟ್ರು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುವವರು. ಸಾಹುಕಾರರ ಅಳಿಯನ ಪರಿಚಯ. ಜನ ಒಟ್ಟಿಗೆ ಹೇಗೆ ಕೆಲಸ ಮಾಡುತ್ತಾರೆ ಅಂತ ಸಂಶೋಧನೆ ಮಾಡಿ, ಕಾರ್ಖಾನೆಗೆ ಉಪಯೋಗ ಆಗುವ ಹಾಗೆ ಹೇಳುತ್ತಾರೆ ಅಂತ ರಾಯರು ನಮ್ಮನ್ನೆಲ್ಲ ನಿಲ್ಲಿಸಿ ಪರಿಚಯ ಮಾಡಿಸಿದರು. ಸಣ್ಣ ಆಳು, ದೊಡ್ಡ ಕನ್ನಡಕ, ಬಿಸಿಲಿಗೂ ಕೊಡೆ.

"ಎಂತ ಶಾಸ್ತ್ರ ಅಂದ್ರು ಮೇಸ್ತ್ರಮ್ಮ? ಜಾತಕ ನೋಡ್ತಾರನಾ?" ಅಂತ ಹಾಲಮ್ಮ ನನ್ನ ಕಿವಿಯಲ್ಲಿ ಕೇಳಿದಳು. ಹಾಲಮ್ಮ ಅಂದರೆ ಮೊದಲನೇ ಗ್ಯಾಂಗಿನ ಮುಂದಾಳು. ಗಟ್ಟಿ ಕುತ್ತಿಗೆ, ಅದಕ್ಕಿಂತ ಗಟ್ಟಿ ನಾಲಿಗೆ.

"ನಿಂದು ನೋಡೋದು ಬ್ಯಾಡ, ಕೆಟ್ಟದ್ದೇ ಬಂದೀತು. ಸುಮ್ನೆ ನಿಂತ್ಕ" ಅಂದೆ.

ಮೇಷ್ಟ್ರು ಅಚ್ಚು ಹಾಕಿಸಿದ ಪ್ರಶ್ನೆಗಳನ್ನು ತಂದಿದ್ದರು. ಪುಸ್ತಕದ ಕನ್ನಡ. ಅದನ್ನು ಹೆಂಗಸರಿಗೆ ಅರ್ಥವಾಗುವ ಹಾಗೆ ಕೇಳುವ ಕೆಲಸ ನನ್ನ ತಲೆಗೆ ಕಟ್ಟಿದರು. "ಪ್ರಸ್ತುತ ಉದ್ಯೋಗ ನಿಮಗೆ ತೃಪ್ತಿ ತಂದಿದೆಯೇ?" ಹ್ಞೂಂ ಅಂದಳು ಹಾಲಮ್ಮ. "ಅತೃಪ್ತಿಗೆ ಕಾರಣಗಳಿವೆಯೇ?" ಅದಕ್ಕೂ ಹ್ಞೂಂ. ಮೇಷ್ಟ್ರು ಪೆನ್ನು ಎತ್ತಿ ನನ್ನ ಮುಖ ನೋಡಿದರು.

"ಅವ್ರಿಗೆ ಯಾವುದು ಬೇಕೋ ಅದನ್ನೇ ಬರ್ಕಳ್ಳಾಕೆ ಹೇಳು. ಪಾಪ, ಅಷ್ಟು ದೂರದಿಂದ ಬಂದಾರೆ" ಅಂದಳು ಅವಳು. ಅತಿಥಿಗೆ ಇಲ್ಲ ಅನ್ನಬಾರದು ಅಂತ ಎಲ್ಲ ಹೆಂಗಸರೂ ಎಲ್ಲದಕ್ಕೂ ಹ್ಞೂಂ ಅಂದರು. ಆ ಲೆಕ್ಕದಲ್ಲಿ ನಮ್ಮದು ಭೂಮಿಯ ಮೇಲಿನ ಅತಿ ಸುಖದ ಕಾರ್ಖಾನೆ, ಅತಿ ದುಃಖದ ಕಾರ್ಖಾನೆಯೂ ಹೌದು.

ಒಬ್ಬರ ಎದುರು ಒಬ್ಬರು ಬಾಯಿ ಬಿಡುವುದಿಲ್ಲ, ಒಬ್ಬೊಬ್ಬರನ್ನೇ ಕರೆದು ಕೇಳಬೇಕು ಅಂತ ಮೇಷ್ಟ್ರಿಗೆ ತೋಚಿತು. ಅದನ್ನು ಹೊಸನಗರದ ಡಿಪೋದಲ್ಲಿ ಮಾಡಿದರು. ಗುಟ್ಟು ಗುಟ್ಟಾಗಿರಲಿ ಅಂತ ಕೋಣೆಯ ಬಾಗಿಲು ಬೇರೆ ಹಾಕಿಕೊಂಡರು. ಬ್ಯಾಡಿ ಮೇಷ್ಟ್ರೇ ಅಂದೆ. "ಇದು ವಿಧಾನ" ಅಂದರು. ಮರುದಿನ ಡಿಪೋಗೆ ಒಬ್ಬ ಹೆಂಗಸೂ ಬರಲಿಲ್ಲ. ಅವರ ಗಂಡಂದಿರು, ಮೈದುನಂದಿರು ಬಂದು ಹೆಂಚಿನ ಅಟ್ಟಿಯ ಮೇಲೆ ಸಾಲಾಗಿ ಕೂತಿದ್ದರು.

"ನಮ್ಮನೇರಿಗೆ ಎಂತ ಕೇಳ್ಬೇಕಾಗಿತ್ತೋ ಅದನ್ನ ನಮಗೇ ಕೇಳಿ ಸ್ವಾಮಿ. ಬಾಗಿಲು ತೆಗೆದಿಟ್ಟು ಕೇಳಿ" ಅಂದ ಒಬ್ಬ.

ಮೇಷ್ಟ್ರಿಗೆ ಬೆವರು. ಆದರೂ ಮೆಚ್ಚಬೇಕು, ಓಡಿಹೋಗಲಿಲ್ಲ. ಕಾಗದ ತೆಗೆದು ಕೇಳಿಯೇ ಬಿಟ್ಟರು, ನಿಮ್ಮ ಹೆಂಡತಿಗೆ ಈ ಉದ್ಯೋಗ ತೃಪ್ತಿ ತಂದಿದೆಯೇ ಅಂತ.

"ಅವಳಿಗೆ ತಂದೈತೆ. ನಂಗೆ ತಂದಿಲ್ಲ. ಮಧ್ಯಾಹ್ನ ನಾನೇ ಬಡಿಸ್ಕಂಡು ಉಣ್ಣಬೇಕು" ಅಂದ ಅವನು. ಉಳಿದವರೆಲ್ಲ ನಕ್ಕರು, ಜಗಳ ಅಲ್ಲಿಗೆ ಮುಗಿಯಿತು. ನೀವು ಹೊಸಬರು ಇದನ್ನು ನೆನಪಿಟ್ಟುಕೊಳ್ಳಿ. ಈಗಲೂ ನಿಮ್ಮ ಆಫೀಸಿನಲ್ಲಿ ಗಾಜಿನ ಕೋಣೆಗೆ ಒಬ್ಬೊಬ್ಬರನ್ನೇ ಕರೆದು "ಮನಸ್ಸು ಬಿಚ್ಚಿ ಮಾತಾಡಿ" ಅನ್ನುತ್ತಾರಂತೆ. ಹಾಗೆ ಹೇಳಿಸಿಕೊಂಡ ಕೂಡಲೇ ಯಾರ ಮನಸ್ಸೂ ಬಿಚ್ಚುವುದಿಲ್ಲ.

ತೀರ್ಥಹಳ್ಳಿಯ ಡಿಪೋದಲ್ಲಿ ಮೇಷ್ಟ್ರು ದಾರಿಗೆ ಬಂದರು. ಅಲ್ಲಿ ಹೆಂಗಸರದು ಹುಲ್ಲಿನ ಕೆಲಸ. ಲಾರಿಯಲ್ಲಿ ಹೆಂಚು ಒಡೆಯದ ಹಾಗೆ ನಡುವೆ ಇಡಲು ಒಣಹುಲ್ಲಿನ ಹಗ್ಗ ಹೊಸೆಯುವುದು. ಕೂತು ಕೂತು ಬೇಜಾರಾಗಿ ಮೇಷ್ಟ್ರು ತಾವೂ ಒಂದು ಹಿಡಿ ಹುಲ್ಲು ತಗೊಂಡು ಹೊಸೆಯಲು ನೋಡಿದರು. ಹೊಸೆದಷ್ಟೂ ಬಿಚ್ಚಿಕೊಂಡಿತು. ಒಬ್ಬಳು ಮುದುಕಿ ಅದನ್ನು ಕಿತ್ತುಕೊಂಡು, "ಬಿಡಿ, ನೀವು ಹೆಣೆದ್ರೆ ನಿಮ್ಮ ಹೆಂಡ್ತಿ ಜಡೆ ಹೆಂಗೆ ನಿಂತೀತು?" ಅಂದಳು. ಆಮೇಲೆ ಶುರುವಾಯಿತು ನೋಡಿ ಮಾತು. ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಯಾರು ಯಾರ ಕೂಸನ್ನು ನೋಡಿಕೊಳ್ಳುತ್ತಾರೆ, ಯಾರನ್ನು ಕಂಡರೆ ಯಾರಿಗಾಗುವುದಿಲ್ಲ. ಅಚ್ಚಿನ ಕಾಗದವನ್ನು ಮೇಷ್ಟ್ರು ಮಡಚಿ ಚೀಲಕ್ಕೆ ಹಾಕಿದರು. ಮತ್ತೆ ಅದನ್ನು ಹೊರಗೆ ತೆಗೆದದ್ದನ್ನು ನಾನು ನೋಡಲಿಲ್ಲ.

ಸಾಗರಕ್ಕೆ ವಾಪಸ್ ಬಂದ ಮೇಲೆ ಅವರು ಪ್ರಶ್ನೆ ಬಿಟ್ಟು ಸುಮ್ಮನೆ ಕೂತು ನೋಡತೊಡಗಿದರು. ಯಾರು ಯಾರ ಹಲಗೆಗೆ ಕೈ ಕೊಡುತ್ತಾರೆ, ಎಲೆಅಡಿಕೆಯ ಕವಳ ಹಾಕುವ ಹೊತ್ತಿಗೆ ಯಾರು ಯಾರ ಪಕ್ಕ ಕೂರುತ್ತಾರೆ. ದೊಡ್ಡ ಕಾಗದದಲ್ಲಿ ಒಬ್ಬೊಬ್ಬರಿಗೆ ಒಂದು ಸೊನ್ನೆ ಬರೆದು, ಸೊನ್ನೆಯಿಂದ ಸೊನ್ನೆಗೆ ಬಾಣ ಎಳೆದರು. ಮೊದಲನೇ ಗ್ಯಾಂಗಿನ ಬಾಣಗಳೆಲ್ಲ ಹೋಗಿ ಚುಚ್ಚಿದ್ದು ಒಂದೇ ಸೊನ್ನೆಗೆ. ಚೌಡಮ್ಮನಿಗೆ.

ಮೇಷ್ಟ್ರು ತಲೆ ಕೆರೆದುಕೊಂಡರು. ಯಾಕೆಂದರೆ ಗ್ಯಾಂಗಿನಲ್ಲಿ ಎಲ್ಲರಿಗಿಂತ ನಿಧಾನ ಚೌಡಮ್ಮ. ಬಲಗೈ ಮಣಿಕಟ್ಟು ಕೆಟ್ಟಿತ್ತು. ಅವಳ ಪಾಲಿನ ಹಲಗೆಯನ್ನು ಹಾಲಮ್ಮ ಬಯ್ಯುತ್ತಲೇ ಹೊರುತ್ತಿದ್ದಳು. "ನಿನ್ನ ಕೈ ಒಲೆಗೆ ಹಾಕ, ಕೊಡೆ ಇಲ್ಲಿ." ಚೌಡಮ್ಮ ನಗುತ್ತ ಅಂಚು ಸವರುತ್ತ ನಡುವೆ ಕೂತಿರುತ್ತಿದ್ದಳು. ಗ್ಯಾಂಗಿನಲ್ಲಿ ಯಾರಿಬ್ಬರಿಗೆ ಜಗಳವಾದರೂ ಅವಳ ಹತ್ತಿರ ದೂರು ತರುತ್ತಿದ್ದರು. ಅವಳು ತೀರ್ಪು ಕೊಡುತ್ತಿರಲಿಲ್ಲ, ಎರಡೂ ಕಡೆಗೆ "ಹೌದೇ ಹೌದು" ಅನ್ನುತ್ತಿದ್ದಳು. ಅಷ್ಟಕ್ಕೇ ಜಗಳ ಇಳಿಯುತ್ತಿತ್ತು.

"ಕೆಲಸ ಮಾಡದವಳನ್ನ ಇಷ್ಟು ಜನ ಯಾಕೆ ಹೊತ್ತುಕೊಂಡಿದಾರೆ?" ಅಂತ ಮೇಷ್ಟ್ರು ನನ್ನನ್ನು ಕೇಳಿದರು.

"ಒಳ್ಳೇಳು, ಅದಕ್ಕೆ" ಅಂದೆ ನಾನು. ದಿನಾ ನೋಡಿದ್ದು, ಅದಕ್ಕೊಂದು ಕಾರಣ ಇರುತ್ತದೆ ಅಂತ ಅನಿಸಿರಲಿಲ್ಲ.

ಮೇಷ್ಟ್ರು ಅಷ್ಟಕ್ಕೆ ಬಿಡಲಿಲ್ಲ. ರಜೆಯ ದಿನ ಹೆಂಗಸರ ಮನೆಗಳಿಗೆ ಹೋದರು, ಗದ್ದೆಯ ಅಂಚಿನ ಮೇಲೆ ನಡೆದು ಜಾರಿ ಕೆಸರಿಗೆ ಬಿದ್ದರು, ಎದ್ದು ಮತ್ತೆ ಕೇಳಿದರು. ಕೊನೆಗೆ ಕಂಡುಹಿಡಿದರು.

ಚೌಡಮ್ಮ ಹೊಳೆಬಾಗಿಲಿನ ಆಚೆಯವಳು. ಗದ್ದೆ, ಮನೆ ಎಲ್ಲ ಅಣೆಕಟ್ಟಿನ ನೀರಿನ ಅಡಿಗೆ ಹೋಗಿ, ಗಂಡನೂ ಅದೇ ಕೊರಗಿನಲ್ಲಿ ಹೋಗಿ, ಸಾಗರದ ಹತ್ತಿರ ತಮ್ಮನ ಹಿತ್ತಲಲ್ಲಿ ಒಂದು ಗುಡಿಸಲು ಹಾಕಿಕೊಂಡಿದ್ದಳು. ಬಂದ ವರ್ಷವೇ ಊರಿನ ನಾಟಿಗೆ ಇಳಿದಳು. ಕೂಲಿ ಕೊಡಲು ಹೋದರೆ, "ನಾನು ಕೂಲಿಗೆ ಬಂದೋಳಲ್ಲ, ಮುಯ್ಯಾಳಿಗೆ ಬಂದಿದೀನಿ" ಅಂದಳು. ಮುಯ್ಯಾಳು ಅಂದರೆ ಇವತ್ತು ನಾನು ನಿನ್ನ ಗದ್ದೆಗೆ ಇಳಿದರೆ, ನಾಳೆ ನೀನು ನನ್ನ ಗದ್ದೆಗೆ ಇಳಿದು ಆ ಮುಯ್ಯಿ ತೀರಿಸಬೇಕು. ಗದ್ದೆ ಇದ್ದವರು ಗದ್ದೆ ಇದ್ದವರ ಜೊತೆ ಮಾಡುವ ಕೆಲಸ ಅದು. ಇವಳಿಗೆ ಗದ್ದೆ ಎಲ್ಲಿದೆ? ನೀರಿನಡಿ ಇದೆ. ಆದರೂ "ಮುಯ್ಯಾಳು" ಅಂದಳು. ಇಲ್ಲ ಅಂತ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಹಾಲಮ್ಮನ ಗದ್ದೆ, ಅವಳ ನಾದಿನಿಯ ಗದ್ದೆ, ಗ್ಯಾಂಗಿನ ಎಲ್ಲರ ಗದ್ದೆಗೂ ಇಳಿದಳು. ಆಮೇಲೆ ಕೈ ಕೆಟ್ಟಿತು. ಎಲ್ಲರ ಮೇಲೂ ಅವಳ ಮುಯ್ಯಿ ಇತ್ತು, ತೀರಿಸಿಕೊಳ್ಳಲು ಅವಳಿಗೆ ಗದ್ದೆಯೇ ಇರಲಿಲ್ಲ. ಅದಕ್ಕೆ ಹೆಂಗಸರು ಅದನ್ನು ಕಾರ್ಖಾನೆಯಲ್ಲಿ ತೀರಿಸುತ್ತಿದ್ದರು, ಅವಳ ಹಲಗೆ ಹೊತ್ತು.

ಇದನ್ನು ಮೇಷ್ಟ್ರು ಬಿಡಿಸಿ ಹೇಳಿದಾಗ ನನಗೆ ನನ್ನ ಬೆನ್ನನ್ನೇ ಯಾರೋ ಕನ್ನಡಿಯಲ್ಲಿ ತೋರಿಸಿದ ಹಾಗಾಯಿತು. ಓದಿದವರು ಸುಮ್ಮನೆ ಅಲ್ಲ ಅಂತ ಅವತ್ತು ಒಪ್ಪಿಕೊಂಡೆ.

ರಾಯರ ಕೋಣೆಯಲ್ಲಿ ಮೇಷ್ಟ್ರು ಸೊನ್ನೆ ಬಾಣಗಳ ಕಾಗದ ಹರಡಿ ಎಲ್ಲ ವಿವರಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ.

"ಇವರ ಊರಿನ ವ್ಯವಸ್ಥೆಯೇ ನಿಮ್ಮ ಕಾರ್ಖಾನೆಯನ್ನ ನಡೆಸ್ತಿದೆ ರಾಯರೇ. ಇದನ್ನ ಮುಟ್ಟಬೇಡಿ. ಗ್ಯಾಂಗುಗಳನ್ನ ಅವರೇ ಕಟ್ಟಿಕೊಳ್ಳಲಿ" ಅಂದರು ಮೇಷ್ಟ್ರು.

"ಮುಟ್ಟಬೇಡಿ ಅಂತ ಹೇಳೋಕೆ ನಿಮ್ಮನ್ನ ಮೈಸೂರಿಂದ ಕರೆಸಬೇಕಿತ್ತಾ?" ಅಂದರು ರಾಯರು. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ಅವರ ಕಣ್ಣು ಹೊಳೆಯಿತು. ಆ ಹೊಳಪು ನಾನು ಅನೇಕ ಸೋಮವಾರ ಕಂಡದ್ದು. "ಎಲ್ಲರೂ ಈ ಹೆಂಗಸಿನ ಮಾತು ಕೇಳ್ತಾರೆ. ಅಲ್ಲವಾ? ಹಾಗಾದರೆ ಇವಳೇ ನಾಯಕಿ! ಇವಳನ್ನ ಮೇಲೆ ಕೂರಿಸೋಣ!"

"ಅವಳು ನಡುವೆ ಕೂತಿರೋದಕ್ಕೇ..." ಅಂತ ಮೇಷ್ಟ್ರು ಶುರುಮಾಡಿದರು.

"ನಿಮ್ಮ ಸಂಶೋಧನೆಗೆ ನಾನು ಕೊಡ್ತಿರೋ ಗೌರವ ಇದು" ಅಂದರು ರಾಯರು. ಮೇಷ್ಟ್ರಿಗೆ ಕಾಲೇಜು ಶುರುವಾಗಿತ್ತು. ಬಸ್ಸು ಹತ್ತಿ ಹೋದರು.

ರಾಯರು ಆಚಾರಿಯನ್ನು ಕರೆಸಿ ಎತ್ತರದ ಒಂದು ಸ್ಟೂಲು ಮಾಡಿಸಿದರು. ಚೌಡಮ್ಮನಿಗೆ ನೀಲಿ ಅಂಚಿನ ಬಿಳಿ ಸೀರೆ, ಕೊರಳಿಗೆ ದಾರ ಕಟ್ಟಿದ ಒಂದು ಪೀಪಿ. ಗ್ಯಾಂಗುಗಳನ್ನೆಲ್ಲ ಒಡೆದು, ಗಟ್ಟಿ ಹೆಂಗಸರನ್ನು ಎಲ್ಲ ಕಡೆಗೂ ಸಮನಾಗಿ ಹಂಚಿದರು, ಪಾಯಸಕ್ಕೆ ದ್ರಾಕ್ಷಿ ಹಾಕಿದ ಹಾಗೆ. ಅತ್ತಿಗೆ ಒಂದು ಕಡೆ, ನಾದಿನಿ ಇನ್ನೊಂದು ಕಡೆ.

"ನಂಗೆಂತಕೆ ಮೇಸ್ತ್ರಮ್ಮ ಈ ಮಂಚ? ಮೇಲೆ ಕೂತ್ರೆ ತಲೆ ತಿರುಗ್ತದೆ" ಅಂದಳು ಚೌಡಮ್ಮ.

"ಕೂತ್ಕ ಮಾರಾಯ್ತಿ. ಇನ್ನೊಂದು ಪುಸ್ತಕ ಓದೋವರೆಗೆ" ಅಂದೆ.

ಕೂತಳು. ಪೀಪಿ ಊದು ಅಂದರು ರಾಯರು. ಊದಿದಳು. ಭಟ್ಟಿಯ ಗಂಡಸರು ಬೆಂಕಿ ಬಿದ್ದಿದೆ ಅಂತ ಕೊಡ ಹಿಡಿದು ಓಡಿ ಬಂದರು. ಅದು ಮೊದಲ ದಿನದ ನಗು. ಮಾರನೇ ದಿನದಿಂದ ನಗುವುದಕ್ಕೆ ಏನೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತವಳ ಹತ್ತಿರ ಯಾರು ಕವಳ ಹಾಕುತ್ತಾರೆ? ಕತ್ತು ಎತ್ತಿ ಯಾರು ದೂರು ಹೇಳುತ್ತಾರೆ? ಅವಳ ಎದುರಿಗೆ ಹೆಂಗಸರು ಮಾತು ನಿಲ್ಲಿಸತೊಡಗಿದರು. ನನ್ನ ಎದುರಿಗೆ ನಿಲ್ಲಿಸುತ್ತಿದ್ದರು, ಅದು ಸರಿ, ನಾನು ಮೇಸ್ತ್ರಿ, ನನಗೆ ಅದು ರೂಢಿ. ಅವಳಿಗೆ ರೂಢಿ ಇರಲಿಲ್ಲ. ಸಂಜೆ ಇಳಿದವಳೇ ಯಾರ ಜೊತೆಯೂ ಸೇರದೆ ಮನೆಗೆ ನಡೆಯುತ್ತಿದ್ದಳು.

ಜಗಳ ಹೆಚ್ಚಿತು. ಗುರುತಿಲ್ಲದವಳ ಹಲಗೆಗೆ ಯಾರೂ ಕೈ ಕೊಡಲಿಲ್ಲ. ಇಳಿಜಾರಿನಲ್ಲಿ ದಿನಾ ಹಲಗೆ ಬಿತ್ತು. ಒಡೆದ ಹೆಂಚು, ಬಾಗಿದ ಹೆಂಚು. ತೀರ್ಥಹಳ್ಳಿಗೆ ಲಾರಿ ಅರ್ಧ ಖಾಲಿ ಹೋಯಿತು. ಸಾಹುಕಾರರು ಬಂದು ಕೂಗಾಡಿದರು. ರಾಯರು ಮೇಷ್ಟ್ರಿಗೆ ತಂತಿ ಕೊಟ್ಟು ಕರೆಸಿದರು.

"ನೋಡಿ ನಿಮ್ಮ ಸಂಶೋಧನೆ! ಈ ಹೆಂಗಸಿಗೆ ನಾಯಕತ್ವದ ಗುಣವೇ ಇಲ್ಲ" ಅಂದರು. ಚೌಡಮ್ಮ ಅಲ್ಲೇ ನಿಂತಿದ್ದಳು, ಪೀಪಿಯನ್ನು ಕೊರಳಿಂದ ತೆಗೆಯಬೇಕೋ ಬೇಡವೋ ತಿಳಿಯದೆ.

"ಗ್ಯಾಂಗು ಅವರೇ ಕಟ್ಟಿಕೊಳ್ಳಲಿ ಅಂತ ನಾನು ಹೇಳಿದ್ದೆ" ಅಂದರು ಮೇಷ್ಟ್ರು. ಮುಖ ಕೆಂಪಾಗಿತ್ತು.

"ಸರಿ. ಈಗಲೇ ಕಟ್ಟಿಕೊಳ್ಳಲಿ. ನಿಮ್ಮ ಕಣ್ಣ ಮುಂದೇನೇ."

ಎಂಥ ಹೊತ್ತಿನಲ್ಲಿ ಅವರಿಗೆ ಆ ಮಾತು ನೆನಪಾಯಿತು ನೋಡಿ. ಮೇಷ್ಟ್ರಿಗೆ ಖುಷಿಯಾಯಿತು, ಕೊನೆಗೂ ತಮ್ಮ ಮಾತು ನಡೆಯಿತು ಅಂತ. ನನಗೆ ಬೇರೆ ಯೋಚನೆ. ಹೆಂಗಸರು ಸ್ಟೂಲಿನ ಬಗ್ಗೆ ತಮ್ಮತಮ್ಮಲ್ಲಿ ಏನು ಆಡಿಕೊಳ್ಳುತ್ತಿದ್ದರು ಅಂತ ನನ್ನ ಕಿವಿಗೆ ಬಿದ್ದಿತ್ತು.

ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು. ಮುಂದಾಳುಗಳು ಒಬ್ಬೊಬ್ಬರ ಹೆಸರು ಕರೆದರು. ಹಾಲಮ್ಮ ಅತ್ತಿಗೆಯನ್ನು ಕರೆದಳು, ನಾದಿನಿಯನ್ನು ಕರೆದಳು, ಬಸುರಿಯಾಗಿದ್ದ ಗೌರಿಯನ್ನು ಕರೆದಳು. ಅಂಗಳ ಖಾಲಿಯಾಗುತ್ತ ಬಂತು. ಕೊನೆಗೆ ಮಧ್ಯದಲ್ಲಿ ಉಳಿದದ್ದು ನೀಲಿ ಅಂಚಿನ ಬಿಳಿ ಸೀರೆ ಒಂದೇ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಕಂಡದ್ದು ಬದಲಾಗಲಿಲ್ಲ.

ನಾನು ಹಾಲಮ್ಮನ ಹತ್ತಿರ ಹೋಗಿ, "ಎಂತ ಇದು?" ಅಂದೆ.

"ಎಂತ ಅಂದ್ರೆ? ಕಂಪನಿ ಅವ್ಳಿಗೆ ಸ್ಟೂಲ್ ಕೊಡ್ತು, ಸೀರೆ ಕೊಡ್ತು. ನಾವು ಹೊರ್ತಿದ್ದ ಕಾಲಕ್ಕೆ ಅವ್ಳು ಕೂತು ನೋಡಿದ್ಲು. ನಮ್ಮ ಮೇಲಿದ್ದ ಮುಯ್ಯಿ ಅಲ್ಲಿಗೆ ತೀರ್ತು" ಅಂದಳು ಹಾಲಮ್ಮ. ಆಮೇಲೆ ದನಿ ತಗ್ಗಿಸಿ, "ಗೌರಿ ಹಲಗೆ ಹೊರಬೇಕು ನಾನು ಇನ್ನು ಮೂರು ತಿಂಗಳು. ಇವಳದ್ದೂ ಹೊರು ಅಂದ್ರೆ ನನ್ನ ಕುತ್ತಿಗೆ ಎಂತ ಕಬ್ಬಿಣನಾ? ನೀನು ಹೊರ್ತೀಯಾ?" ಅಂದಳು. ಅವಳ ಮಾತಿನಲ್ಲಿ ಸುಳ್ಳು ಒಂದೂ ಇರಲಿಲ್ಲ.

"ನಾಳೆ ರಜೆ. ನಾಡಿದ್ದು ಯಾವುದಾದರೂ ಗ್ಯಾಂಗು ಸೇರಿಸಿಕೊಂಡರೆ ಬರಲಿ. ಇಲ್ಲದಿದ್ದರೆ ಬರುವುದು ಬೇಡ" ಅಂದರು ರಾಯರು. ಜನರೇ ಆರಿಸಿದ್ದಲ್ಲವಾ, ಅವರ ಕೈ ಚೊಕ್ಕಟ.

ಮೇಷ್ಟ್ರು ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದರು. "ನಾನು ಹೇಳಿದ್ದು ತಪ್ಪಾಯ್ತಾ?"

"ನೀವು ಹೇಳಿದ್ದು ಸರಿ. ಯಾವಾಗ ಮಾಡಬೇಕು ಅಂತ ಹೇಳ್ಲಿಲ್ಲ" ಅಂದೆ. ಅವರು ಕೊಡೆ ಬಿಚ್ಚಿದರು.

ಸಂಜೆ ಚೌಡಮ್ಮನ ಗುಡಿಸಲಿಗೆ ಹೋದೆ. ಬಿಳಿ ಸೀರೆ ಒಗೆದು, ಮಡಚಿ, ಮೇಲೆ ಪೀಪಿ ಇಟ್ಟಿದ್ದಳು, ಕಂಪನಿಗೆ ವಾಪಸ್ ಕೊಡಲು. ತಾನು ಹಳೆಯ ಸೀರೆ ಉಟ್ಟು ಗಂಜಿ ಕಾಯಿಸುತ್ತಿದ್ದಳು.

"ಮುಂದೆ ಎಂತ ಮಾಡ್ತೀಯೇ?" ಅಂದೆ.

"ರಿಪ್ಪನ್‌ಪೇಟೆ ಹತ್ರ ನಾಟಿಗೆ ಕೂಲಿ ಆಳು ಬೇಕಂತೆ. ತಮ್ಮ ಹೇಳ್ದ. ಅಲ್ಲಿ ನಂಗೆ ಗುರ್ತಿನೋರು ಯಾರೂ ಇಲ್ಲ. ಕೂಲಿಗೆ ಇಳಿದ್ರೆ ಯಾರಿಗೂ ಗೊತ್ತಾಗಲ್ಲ."

ಅಷ್ಟು ಹೇಳಿ ಒಲೆ ಊದಿದಳು. ಗದ್ದೆ ಮುಳುಗಿದಾಗಲೂ ತಾನು ಗದ್ದೆಯವಳು ಅಂತ ನಡೆದುಕೊಂಡವಳು. ಈಗ ಗುರುತಿಲ್ಲದ ಊರಿಗೆ ಹೋಗಿ ಮುಯ್ಯಾಳು ಅನ್ನುವ ಆ ಒಂದು ಮಾತನ್ನೂ ಬಿಡುತ್ತಾಳೆ. ಅದಕ್ಕೆ ರಾಯರ ಯಾವ ಪುಸ್ತಕದಲ್ಲೂ ಹೆಸರಿಲ್ಲ, ನನಗೂ ಹೆಸರು ಗೊತ್ತಿಲ್ಲ. ಸಮಾಧಾನ ಹೇಳಲು ನನಗೆ ಬರುವುದಿಲ್ಲ. "ಆ ಗಂಜಿಗೆ ಉಪ್ಪು ಹಾಕಿದ್ಯಾ ನೋಡು" ಅಂತ ಹೇಳಿ ಎದ್ದು ಬಂದೆ.

ಮರುದಿನ ಹಾಲಮ್ಮನ ನಾಟಿ. ಬೆಳಿಗ್ಗೆ ಎದ್ದು ಮುಖ ತೊಳೆದು ನೇರ ಚೌಡಮ್ಮನಲ್ಲಿಗೆ ಹೋದೆ. ಅವಳು ಬುತ್ತಿ ಕಟ್ಟಿಕೊಂಡು ಬಸ್ಸಿಗೆ ಹೊರಟಿದ್ದಳು. ಬುತ್ತಿ ಕಿತ್ತುಕೊಂಡು ಮೂಲೆಗೆ ಇಟ್ಟೆ. ಗೋಡೆಯ ಮೇಲಿದ್ದ, ಮಳೆಗೆ ಹೊದೆಯುವ ಗೊರಬು ತೆಗೆದು ಅವಳ ತಲೆಗೆ ಹೊದಿಸಿದೆ.

"ಎಲ್ಲಿಗೇ?"

"ಮುಯ್ಯಾಳಿಗೆ."

"ನನ್ನ ಯಾರು ಕರ್ದಿದಾರೆ?"

"ಮೊದಲ ವರ್ಷ ಯಾರು ಕರೆದಿದ್ರು ನಿನ್ನ?"

ಗದ್ದೆಯಲ್ಲಿ ಹಾಲಮ್ಮ, ಅವಳ ಅತ್ತಿಗೆ, ನಾದಿನಿ ಬಗ್ಗಿ ನೆಡುತ್ತಿದ್ದರು. ಗೌರಿ ಬಂದಿರಲಿಲ್ಲವಾಗಿ ಸಾಲಿನಲ್ಲಿ ಒಂದು ಜಾಗ ಖಾಲಿ ಇತ್ತು. ಯಾರಾದರೂ ತಲೆ ಎತ್ತುವ ಮೊದಲೇ ಚೌಡಮ್ಮನ ಹೆಗಲು ಹಿಡಿದು ಅಂಚಿನಿಂದ ಕೆಳಗೆ ನೂಕಿದೆ. ಮೊಣಕಾಲವರೆಗೆ ಕೆಸರಿಗೆ ಇಳಿದಳು. ಮುಯ್ಯಾಳಾಗಿ ಕೆಸರಿಗೆ ಇಳಿದವಳನ್ನು ಮೇಲೆ ಹತ್ತು ಅನ್ನುವ ರೂಢಿ ನಮ್ಮ ಕಡೆ ಇಲ್ಲ, ಅವಳ ಮುಯ್ಯಿ ಮತ್ತೆ ಗದ್ದೆಯವರ ಮೇಲೆ ಬೀಳುತ್ತದೆ.

ಹಾಲಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. ಚೌಡಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಮೇಸ್ತ್ರಮ್ಮ, ನಿನ್ನ ಮನೆ ಹಾಳಾಗ" ಅಂದಳು.

"ಆಗ್ಲಿ" ಅಂದೆ.

ಹಾಲಮ್ಮ ಬಗ್ಗಿ ಒಂದು ಕಟ್ಟು ಸಸಿ ಎತ್ತಿ ಚೌಡಮ್ಮನ ಕಾಲ ಬುಡಕ್ಕೆ ಎಸೆದಳು. ಕೆಸರು ಸಿಡಿದು ಚೌಡಮ್ಮನ ಮುಖಕ್ಕೆಲ್ಲ ಹಾರಿತು. ಅವಳು ಒರೆಸಿಕೊಳ್ಳಲಿಲ್ಲ. ಕಟ್ಟು ಬಿಚ್ಚಿ ಎಡಗೈಯಲ್ಲಿ ನೆಡತೊಡಗಿದಳು. ಸಾಲು ಸೊಟ್ಟ ಹೋಗುತ್ತಿತ್ತು. ಯಾರೂ ಅದನ್ನು ತಿದ್ದಲು ಹೋಗಲಿಲ್ಲ.

ನಾನು ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅವಳ ಪಕ್ಕದ ಸಾಲಿಗೆ ಇಳಿದೆ.